ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ

ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನನಗೆ ಸಂದೇಹ ಬರುವುದು ಹೆಚ್ಚು, ಎದ್ದು ಕೇಳುವುದು ಕಡಿಮೆ. ಗೆಳೆಯರು ನಕ್ಕಾರೆಂಬ ಅಂಜಿಕೆ. ಪ್ರಾಧ್ಯಾಪಕ ಸಿ. ಆರ್. ರಾಯರ ಜೀವನವನ್ನು ಓದಿದಂದಿನಿಂದ ಈ ಅಂಜಿಕೆಗಾಗಿ ನಾಚುತ್ತಿದ್ದೇನೆ.

ರಾಯರು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಜನಿಸಿದರು. 1943ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಎಂ. ಎ. ಪದವಿ ಪಡೆದು, ಅಲ್ಲಿಯೇ ಪಾಠ ಹೇಳತೊಡಗಿದರು.

ಶೇಂಗಾ ಕೊಳ್ಳುವವನು ಚೀಲದಿಂದ ಒಂದು ಹಿಡಿ ತೆಗೆದು, ಇಡೀ ಚೀಲದಲ್ಲಿ ಜೊಳ್ಳೆಷ್ಟೆಂದು ಅಂದಾಜು ಮಾಡುತ್ತಾನೆ. ಇಂಥ ಅಂದಾಜು ಎಷ್ಟು ನಿಖರವಾಗಬಲ್ಲದು? ಮಾದರಿ ಬಹು ದೊಡ್ಡದಾಗಿದ್ದಾಗ ಸಲ್ಲುವ ಉತ್ತರವನ್ನು ಇಂಗ್ಲೆಂಡಿನ ಫಿಷರ್ ಕೊಟ್ಟಿದ್ದರು. ರಾಯರು ಅದನ್ನು ವಿವರಿಸುತ್ತಿದ್ದಾಗ, ಮಾದರಿ ಚಿಕ್ಕದಾದರೆ ಏನೆಂದು ವಿದ್ಯಾರ್ಥಿಯೊಬ್ಬರು ಕೇಳಿದರು. ಅವರೇ ಮುಂದೆ ಅರ್ಥಶಾಸ್ತ್ರಜ್ಞರೆಂದು ಹೆಸರಾದ ದಾಂಡೇಕರ್. ರಾಯರು ರಾತ್ರಿಯೆಲ್ಲ ಕುಳಿತು, ಮರುದಿನ ಉತ್ತರ ತಂದರು.

ಒಂದು ಹಿಡಿಯಲ್ಲಿರುವ ಮಾಹಿತಿಗೆ ಮೇರೆಯುಂಟು. ಸೂತ್ರ ಎಷ್ಟೇ ಜಾಣತನದ್ದಾಗಿರಲಿ, ಪಕ್ಷಪಾತವಿಲ್ಲದ ಅಂದಾಜಿನ ಏರುಪೇರನ್ನು ಒಂದು ಮಿತಿಗಿಂತ ಕೆಳಗಿಳಿಸಲಾಗದು. 1945ರಲ್ಲಿ ಪ್ರಕಟವಾದ ಈ ಫಲಿತವನ್ನು ಸ್ವೀಡನ್ನಿನ ಕ್ರಾಮೇರರೂ ಸ್ವತಂತ್ರವಾಗಿ ಕಂಡುಕೊಂಡುದರಿಂದ ಅದಕ್ಕೆ ‘ಕ್ರಾಮೇರ್–ರಾವ್ ಮಿತಿ’ ಎಂದು ಹೆಸರಾಯಿತು.

ಅನಂತರ ರಾಯರು ಕೇಂಬ್ರಿಜ್ಜಿಗೆ ಹೋಗಿ, ಸೂಡಾನಿನಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ಪರಿಶೀಲಿಸಿದರು. ಫಿಷರರ ಬಳಿಯೇ 1948ರಲ್ಲಿ ಡಾಕ್ಟರೇಟ್ ಪಡೆದರು. ಹಲವು ದಶಕ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ, ತರುವಾಯ ಅಮೆರಿಕದಲ್ಲಿ ಬೋಧಿಸಿದರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರಿಗೆ ಸಂದಿತು. ಆ ವರ್ಷವೇ, 102ರ ವಯಸ್ಸಿನಲ್ಲಿ, ನಿಧನರಾದರು.

ಎದ್ದು ಕೇಳಿದ ವಿದ್ಯಾರ್ಥಿಯಿಲ್ಲದಿದ್ದರೆ ಆ ರಾತ್ರಿಯ ಜಾಗರಣೆ ಎಲ್ಲಿತ್ತು? ಮುಂದಿನ ಪಾಠದಲ್ಲಿ ನಾನೂ ಎದ್ದು ನಿಲ್ಲುವೆನು. ಗೆಳೆಯರು ನಗಲಿ, ಗುರುಗಳು ಮಾತ್ರ ಸಹಿಸಿಕೊಳ್ಳಲಿ.