ಕಟ್ಟುವ ಕಿಣ್ವ, ಕಳಚುವ ಕಿಣ್ವ

ಕಾಫಿ ಹಣ್ಣಿನ ತುದಿಯಲ್ಲಿ, ಹೂವು ಕಳಚಿ ಬಿದ್ದ ಗುರುತಿನ ಮೇಲೆ, ಸೂಜಿಯಿಂದ ಚುಚ್ಚಿದಷ್ಟು ಚಿಕ್ಕ ತೂತು ಕಂಡರೆ ಕೊಡಗಿನ ಪಾಲಿಬೆಟ್ಟದ ಬೆಳೆಗಾರರಿಗೆ ಬೇರೆ ಪರೀಕ್ಷೆ ಬೇಕಿಲ್ಲ. ಒಳಗೆ ಕಾಯಿಕೊರಕ ಸೇರಿದೆ. ತೋಟಗಳಲ್ಲಿ ‘ಬೆರ್ರಿ ಬೋರರ್’ ಎಂದೇ ಕರೆಸಿಕೊಳ್ಳುವ ಈ ಕಪ್ಪು ದುಂಬಿ ಎರಡು ಮಿಲಿಮೀಟರ್ ಉದ್ದವೂ ಇಲ್ಲ. ಹೆಣ್ಣು ಬೀಜದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ, ಮರಿಗಳು ಅದೇ ಬೀಜವನ್ನು ತಿಂದು ಬೆಳೆಯುತ್ತವೆ. ಗಂಡಿಗೆ ಹಾರಲು ಬಾರದು; ಹುಟ್ಟಿದ ಹಣ್ಣಿನಲ್ಲೇ ಅದರ ಆಯಸ್ಸು ಮುಗಿಯುತ್ತದೆ.

ಭಾರತದಲ್ಲಿ ಈ ಕೀಟ ಮೊದಲು ಕಾಣಿಸಿಕೊಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಕೊಡಗಿಗೆ ಬರಲು ಬಹಳ ವರ್ಷ ಹಿಡಿಯಲಿಲ್ಲ. ಟಾಟಾ ಕಾಫಿ ಕಂಪನಿಯ ನೋಂದಾಯಿತ ಕಚೇರಿ ಇದ್ದ ಪಾಲಿಬೆಟ್ಟವಾಗಲಿ, ಅಕ್ಕಪಕ್ಕದ ಸಿದ್ದಾಪುರ, ಅಮ್ಮತ್ತಿ, ಗೋಣಿಕೊಪ್ಪಲುಗಳಾಗಲಿ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಗಿಡದಲ್ಲಿ ಒಂದು ಹಣ್ಣೂ ಉಳಿಯದಂತೆ ಕೊಯ್ಯುವುದು, ನೆಲಕ್ಕೆ ಉದುರಿದ್ದನ್ನು ಹೆಕ್ಕುವುದು, ಕೊಯ್ಲು ಮುಗಿದ ಮೇಲೆ ದುಂಬಿಗಳನ್ನು ಸೆಳೆದು ಹಿಡಿಯುವ ಬ್ರೋಕಾ ಟ್ರ್ಯಾಪ್ ಕಟ್ಟುವುದು ಈಗ ತೋಟದ ವಾಡಿಕೆಯ ಕೆಲಸಗಳು.

ಬೆಳೆಗಾರರಿಗೆ ಇದು ನಷ್ಟದ ಲೆಕ್ಕ. ಜೀವರಸಾಯನ ವಿಜ್ಞಾನಿಗಳಿಗೆ ಇದೇ ದುಂಬಿ ಬಹುಕಾಲ ಒಂದು ಒಗಟಾಗಿತ್ತು. ಕಾಫಿ ಬೀಜದಲ್ಲಿ ಕೆಫೀನ್ ಇದೆಯಲ್ಲ! ಒಣತೂಕದಲ್ಲಿ ಅದರ ಪಾಲು ಅರೇಬಿಕಾದಲ್ಲಿ ಶೇ. 1.2ರ ಆಸುಪಾಸು, ದಕ್ಷಿಣ ಕೊಡಗಿನ ಮುಖ್ಯ ಬೆಳೆಯಾದ ರೋಬಸ್ಟಾದಲ್ಲಿ ಅದು ಶೇ. 2ನ್ನೂ ದಾಟುತ್ತದೆ. ನಮ್ಮ ನಿದ್ದೆ ಓಡಿಸುವ ಈ ವಸ್ತು ಕೀಟಗಳ ಪಾಲಿಗೆ ವಿಷ. ಅದು ಗಿಡ ತಾನೇ ತಯಾರಿಸಿಕೊಂಡ ಕೀಟನಾಶಕ ಇರಬಹುದು ಎಂದು 1984ರಲ್ಲಿ ಅಮೆರಿಕದ ಜೇಮ್ಸ್ ನೇಥನ್ಸನ್ ಪ್ರಯೋಗಗಳ ಆಧಾರದ ಮೇಲೆ ವಾದಿಸಿದ್ದರು. ಕಾಫಿ ಗಿಡದ ಒಂದಲ್ಲ ಒಂದು ಭಾಗವನ್ನು ತಿನ್ನುವ ಕೀಟಗಳು 850ಕ್ಕೂ ಹೆಚ್ಚು. ಬರೀ ಬೀಜವನ್ನೇ ನೆಚ್ಚಿ ಬದುಕಬಲ್ಲದ್ದು ಈ ಕಾಯಿಕೊರಕ ಒಂದೇ. ವಿಷದ ಉಗ್ರಾಣದಲ್ಲೇ ಸಂಸಾರ ಹೂಡಲು ಅದಕ್ಕೆ ಹೇಗೆ ಸಾಧ್ಯವಾಯಿತು?

ಉತ್ತರ ಸಿಕ್ಕಿದ್ದು ಕಿಣ್ವಗಳಲ್ಲಿ. ಅದನ್ನು ತಿಳಿಯಲು ಕೆಫೀನನ್ನು ಗಿಡ ಹೇಗೆ ಕಟ್ಟುತ್ತದೆ ಎಂಬಲ್ಲಿಂದ ಹೊರಡಬೇಕು.

ಕಿಣ್ವ ಎಂದರೆ ಕೆಲಸ ಮಾಡುವ ಪ್ರೋಟೀನು. ಜೀವಕೋಶದಲ್ಲಿ ತಾನಾಗಿ ನಡೆಯಲು ಯುಗಗಳೇ ಬೇಕಾದ ರಾಸಾಯನಿಕ ಕ್ರಿಯೆಯನ್ನು ಅದು ಕ್ಷಣಗಳಲ್ಲಿ ಮುಗಿಸುತ್ತದೆ, ತಾನು ಮಾತ್ರ ಸವೆಯುವುದಿಲ್ಲ. ನೂರಾರು ಅಮೈನೊ ಆಮ್ಲಗಳು ಸಾಲಾಗಿ ಸೇರಿ ಆದ ಎಳೆ ಅದು. ಎಳೆ ಎಳೆಯಾಗಿಯೇ ಇದ್ದರೆ ಯಾವ ಕೆಲಸವೂ ಆಗದು. ಮಡಚಿ, ಸುತ್ತಿ, ತನ್ನದೇ ಆದ ಒಂದು ಆಕಾರಕ್ಕೆ ಬಂದಾಗ ಅದರ ಮೈಯಲ್ಲೊಂದು ಕುಳಿ ಮೂಡುತ್ತದೆ. ಆ ಕುಳಿಗೆ ಯಾವ ಅಣು ಇಳಿಯುತ್ತದೆ, ಯಾವ ಭಂಗಿಯಲ್ಲಿ ಕೂರುತ್ತದೆ ಎಂಬುದೇ ಕಿಣ್ವ ಏನು ಮಾಡಬಲ್ಲದು ಎಂಬುದನ್ನು ತೀರ್ಮಾನಿಸುತ್ತದೆ. ಆದ್ದರಿಂದಲೇ ವಿಜ್ಞಾನಿಗಳು ಪ್ರೋಟೀನಿನ ಆಕಾರದ ಹಿಂದೆ ಇಷ್ಟು ಪಟ್ಟು ಹಿಡಿದು ಬೀಳುವುದು.

ಕೆಫೀನಿನ ಮೂಲ ಕ್ಸಾಂಥೀನ್ ಎಂಬ ಜೋಡಿ ಉಂಗುರದ ಅಣು. ಅದರ ಉಂಗುರಗಳಲ್ಲಿ ನಾಲ್ಕು ಸಾರಜನಕ ಪರಮಾಣುಗಳಿವೆ. ಅವುಗಳಲ್ಲಿ ಮೂರಕ್ಕೆ, ಅಂದರೆ 1, 3 ಮತ್ತು 7ನೇ ಸ್ಥಾನದವಕ್ಕೆ, ಒಂದೊಂದು ಮಿಥೈಲ್ ಗುಂಪು ಅಂಟಿಸಿದರೆ ಕೆಫೀನ್ ಸಿದ್ಧ. ಒಂದು ಇಂಗಾಲ, ಮೂರು ಜಲಜನಕ ಸೇರಿದರೆ ಒಂದು ಮಿಥೈಲ್, ಅಷ್ಟು ಪುಟ್ಟದು. ಕಾಫಿ ಗಿಡ ಇದನ್ನು ಮೂರು ಕಿಣ್ವಗಳಿಂದ ಹಂತ ಹಂತವಾಗಿ ಮಾಡಿಸುತ್ತದೆ. ಮೊದಲನೆಯದು ಕ್ಸಾಂಥೋಸಿನ್ ಎಂಬ ಅಣುವಿನ 7ನೇ ಸ್ಥಾನಕ್ಕೆ ಮಿಥೈಲ್ ಕೊಡುತ್ತದೆ. ಅದಕ್ಕೆ ಹೊಂದಿಕೊಂಡಿದ್ದ ಸಕ್ಕರೆಯ ತುಣುಕು ಕಳಚಿಹೋದ ಮೇಲೆ ಎರಡನೆಯ ಕಿಣ್ವ 3ನೇ ಸ್ಥಾನವನ್ನು ತುಂಬುತ್ತದೆ. ಆಗ ಸಿಗುವುದು ಥಿಯೋಬ್ರೋಮಿನ್, ಚಾಕೊಲೇಟಿನ ಕೋಕೋದಲ್ಲಿ ಹೇರಳವಾಗಿರುವ ವಸ್ತು. ಮೂರನೆಯದು 1ನೇ ಸ್ಥಾನಕ್ಕೂ ಮಿಥೈಲ್ ಸೇರಿಸಿ ಕೆಲಸ ಮುಗಿಸುತ್ತದೆ.

ಈ ಮೂರೂ ಕಿಣ್ವಗಳು ಒಂದನ್ನೊಂದು ಬಲವಾಗಿ ಹೋಲುತ್ತವೆ. ಹಾಗಿದ್ದೂ ಮೊದಲನೆಯದು ಮೂರನೆಯದರ ಕೆಲಸ ಮಾಡುವುದಿಲ್ಲ. ಏಕೆ? 2007ರಲ್ಲಿ ಆಂಡ್ರ್ಯೂ ಮೆಕಾರ್ಥಿ ಮತ್ತು ಜೇಮ್ಸ್ ಮೆಕಾರ್ಥಿ ರೋಬಸ್ಟಾದ ಮೊದಲನೆಯ ಮತ್ತು ಮೂರನೆಯ ಕಿಣ್ವಗಳನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ, ಪರಮಾಣುಗಳ ಜಾಗ ಗೊತ್ತಾಗುವಷ್ಟು ಸ್ಪಷ್ಟವಾಗಿ ಅವುಗಳ ರಚನೆ ಬಿಡಿಸಿದರು. ಸುಮಾರು 370–385 ಅಮೈನೊ ಆಮ್ಲಗಳ ಈ ಪ್ರೋಟೀನುಗಳಲ್ಲಿ ನಿರ್ಣಾಯಕವಾಗಿ ಕಂಡದ್ದು ಬೆರಳೆಣಿಕೆಯಷ್ಟು. ಮೊದಲನೆಯ ಕಿಣ್ವದ 316ನೇ ಸ್ಥಾನದ ಸೀರೀನ್ ಕ್ಸಾಂಥೋಸಿನ್ನನ್ನು ಗುರುತು ಹಿಡಿಯುವುದರಲ್ಲಿ ಮುಖ್ಯ ಪಾತ್ರ ವಹಿಸುವಂತೆ ಕಂಡಿತು. 266ನೇ ಸ್ಥಾನದಲ್ಲಿ ಮೊದಲನೆಯದಕ್ಕೆ ದಪ್ಪ ಉಂಗುರದ ಫಿನೈಲ್‌ಅಲನೀನ್ ಇದ್ದರೆ, ಮೂರನೆಯದಕ್ಕೆ ಅದಕ್ಕಿಂತ ಚಿಕ್ಕದಾದ ಐಸೊಲ್ಯೂಸೀನ್. ಒಂದು ಮಿಥೈಲ್ ಹೊತ್ತ ಅಣುವಿಗೂ ಎರಡು ಹೊತ್ತ ಅಣುವಿಗೂ ಇರುವ ಭೇದವನ್ನು ಕಿಣ್ವ ಕಂಡುಕೊಳ್ಳುವುದು ಬಹುಶಃ ಈ ಒಂದು ಬದಲಾವಣೆಯಿಂದ ಎಂದು ಅವರು ಊಹಿಸಿದರು.

ಈ ಕಿಣ್ವಗಳಲ್ಲಿ ಒಂದು ಕೆಟ್ಟರೂ ಗಿಡದ ಮೇಲೆ ಅದರ ಪರಿಣಾಮ ಸಣ್ಣದಲ್ಲ. ಜಪಾನಿನ ಸಂಶೋಧಕರು 2003ರಲ್ಲಿ ರೋಬಸ್ಟಾ ಸಸಿಗಳಲ್ಲಿ ಎರಡನೆಯ ಕಿಣ್ವದ ಜೀನಿನ ಬಾಯಿ ಕಟ್ಟಿದಾಗ ಕೆಫೀನ್ ಶೇ. 70ರಷ್ಟರವರೆಗೆ ಕಡಿಮೆಯಾಯಿತು. ಮರುವರ್ಷ ಬ್ರೆಜಿಲಿನಲ್ಲಿ, ಇಥಿಯೋಪಿಯಾ ಮೂಲದ ಅರೇಬಿಕಾ ಗಿಡಗಳ ದೊಡ್ಡ ಸಂಗ್ರಹದಲ್ಲಿ, ಯಾರೂ ಕೈಹಾಕದೆಯೇ ಕೆಫೀನ್ ಬಹುತೇಕ ಇಲ್ಲದ 3 ಗಿಡಗಳು ಪತ್ತೆಯಾದವು. ಅವುಗಳಲ್ಲಿ ಥಿಯೋಬ್ರೋಮಿನ್ ತುಂಬಿಕೊಂಡಿತ್ತು. ಕೊನೆಯ ಹೆಜ್ಜೆಯ ಕಿಣ್ವ ಕೈಕೊಟ್ಟಿತ್ತು ಎಂಬುದರ ಗುರುತು ಅದು.

ಈ ಕಿಣ್ವಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ 2014ರಲ್ಲಿ ರೋಬಸ್ಟಾದ ಜೀನೋಮ್ ಉತ್ತರ ಕೊಟ್ಟಿತು. ಹಲವು ದೇಶಗಳವರು ಕೂಡಿ ಮಾಡಿದ ಆ ಕೆಲಸದಲ್ಲಿ ಕಾಫಿ ಮಂಡಳಿಯ ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ಜಯರಾಮ ಅವರೂ ಇದ್ದರು. ಅದರಲ್ಲಿ ಸುಮಾರು 25,500 ಪ್ರೋಟೀನ್ ಜೀನುಗಳು ಗುರುತಾದವು. ಕೆಫೀನ್ ಕಟ್ಟುವ ಜೀನುಗಳು ಒಂದರ ಪಕ್ಕ ಒಂದು ನಕಲಾಗಿ ಹೆಚ್ಚಿಕೊಂಡು, ಒಂದೊಂದು ನಕಲೂ ಚೂರುಚೂರೇ ಬದಲಾಗುತ್ತ ಹೊಸ ಕೆಲಸ ಹಿಡಿದವು ಎಂದು ತಿಳಿಯಿತು. ಇವುಗಳ ದಾಯಾದಿ ಕಿಣ್ವಗಳು ಬೇರೆ ಗಿಡಗಳಲ್ಲಿ ಹೂವಿನ ಪರಿಮಳದ ವಸ್ತುಗಳನ್ನು ತಯಾರಿಸುತ್ತವೆ! ಚಹಾ ಮತ್ತು ಕೋಕೋ ಗಿಡಗಳೂ ಕೆಫೀನ್ ಮಾಡುತ್ತವಾದರೂ ಕಾಫಿಯ ದಾರಿ ಅವುಗಳಿಂದ ಎರವಲು ಪಡೆದದ್ದಲ್ಲ. ಒಂದೇ ಕುಟುಂಬದ ಪ್ರೋಟೀನುಗಳಿಂದ ಹೊರಟು ಬೇರೆ ಬೇರೆ ಕವಲುಗಳಲ್ಲಿ ಆ ವಸ್ತುವನ್ನು ಅವು ಸ್ವತಂತ್ರವಾಗಿ ಕಂಡುಕೊಂಡವು.

ಇನ್ನು ಕಳಚುವವರ ಕಥೆ. ಗಿಡ ಕಟ್ಟಿದ್ದನ್ನೆಲ್ಲ ಮಣ್ಣು ಎಂದಾದರೂ ಒಡೆಯಲೇಬೇಕು. ಇಲ್ಲದಿದ್ದರೆ ಕಾಫಿ ತೋಟದ ನೆಲದಲ್ಲಿ ಎಲೆ, ಸಿಪ್ಪೆ, ಉದುರಿದ ಹಣ್ಣುಗಳ ಕೆಫೀನ್ ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತಿತ್ತು. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳಿಗೆ ಅದೇ ಆಹಾರ, ಇಂಗಾಲಕ್ಕೂ ಸಾರಜನಕಕ್ಕೂ ಅದೊಂದೇ ಮೂಲವಾದರೆ ಸಾಕು. ಸ್ಯೂಡೊಮೋನಾಸ್ ಪಂಗಡದ ಇಂಥ ಬ್ಯಾಕ್ಟೀರಿಯಾಗಳನ್ನು ನಮ್ಮ ಕಡೆಯವರೂ ಹಿಂಬಾಲಿಸಿದ್ದಾರೆ. ಮದ್ರಾಸ್ ಐಐಟಿಯ ಸತ್ಯನಾರಾಯಣ ಗುಮ್ಮಡಿ ಅವರ ತಂಡ ಕಾಫಿ ತೋಟದ ಮಣ್ಣಿನಿಂದ ತೆಗೆದ ಒಂದು ತಳಿ ಲೀಟರಿಗೆ 20 ಗ್ರಾಂವರೆಗಿನ ಕೆಫೀನನ್ನು ತಾಳಿಕೊಂಡಿತು. ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐನಲ್ಲಿ ಎಂ.ಎಸ್. ಠಾಕೂರ್ ಅವರ ತಂಡ ಕೆಫೀನ್ ಒಡೆಯುವ ಬ್ಯಾಕ್ಟೀರಿಯಾವನ್ನೇ ಸಲಕರಣೆಯಲ್ಲಿ ಕೂರಿಸಿ, ದ್ರಾವಣದಲ್ಲಿರುವ ಕೆಫೀನನ್ನು 3 ನಿಮಿಷದಷ್ಟು ಬೇಗ ಅಳೆಯುವ ಜೈವಿಕ ಸಂವೇದಕವನ್ನು 2007ರಲ್ಲಿ ವರದಿ ಮಾಡಿತು. ಕೆಫೀನ್ ಮತ್ತು ಟ್ಯಾನಿನ್‌ಗಳ ಕಾರಣಕ್ಕೆ ದನಗಳಿಗೆ ಧಾರಾಳವಾಗಿ ಹಾಕಲಾಗದ ಕಾಫಿ ಸಿಪ್ಪೆಯನ್ನು ಮೇವಿಗೆ ಯೋಗ್ಯ ಮಾಡಲು ಈ ಜೀವಿಗಳು ನೆರವಾಗಬಲ್ಲವು ಎಂಬ ಆಸೆ ಇಂಥ ಸಂಶೋಧನೆಗಳ ಹಿಂದಿದೆ.

ಒಡೆಯುವ ಕೆಲಸದ ಒಳಗುಟ್ಟು ಪೂರ್ತಿಯಾಗಿ ತಿಳಿದದ್ದು ಅಮೆರಿಕದ ಅಯೋವಾದಲ್ಲಿ ಸಿಕ್ಕ ಸಿಬಿಬಿ5 ಎಂಬ ತಳಿಯಿಂದ. ಮಣಿ ಸುಬ್ರಮಣಿಯನ್ ಮತ್ತು ರಯಾನ್ ಸಮ್ಮರ್ಸ್ ಅವರ ತಂಡ ಅದರಲ್ಲಿ ಐದು ಪ್ರೋಟೀನುಗಳನ್ನು ಗುರುತಿಸಿತು. ಎನ್‌ಡಿಎಂ–ಎ ಎಂಬುದು ಕೆಫೀನಿನ 1ನೇ ಸ್ಥಾನದ ಮಿಥೈಲನ್ನು ಕೀಳುತ್ತದೆ. ಥಿಯೋಬ್ರೋಮಿನ್ ಮರಳಿ ಬರುತ್ತದೆ. ಎನ್‌ಡಿಎಂ–ಬಿ 3ನೇ ಸ್ಥಾನದ್ದನ್ನು ತೆಗೆಯುತ್ತದೆ. 7ನೇ ಸ್ಥಾನದ್ದು ಕೊನೆಗೆ, ಉಳಿದ ಪ್ರೋಟೀನುಗಳ ಕೂಟದಿಂದ. ಕೈಗೆ ಉಳಿಯುವುದು ಬೋಳು ಕ್ಸಾಂಥೀನ್. ಗಿಡ ಹಾಕಿದ ಕ್ರಮ 7, 3, 1. ಬ್ಯಾಕ್ಟೀರಿಯಾ ತೆಗೆದ ಕ್ರಮ 1, 3, 7. ಕೊನೆಗೆ ಹಾಕಿದ ಗಂಟನ್ನು ಮೊದಲು ಬಿಚ್ಚಿದ ಹಾಗೆ. ಎರಡು ಬದಿಯ ಕಿಣ್ವಗಳಿಗೂ ಒಂದಕ್ಕೊಂದು ನಂಟೇ ಇಲ್ಲ ಎಂಬುದನ್ನು ನೆನೆದರೆ ಈ ತಾಳೆ ಇನ್ನೂ ಬೆರಗು ಹುಟ್ಟಿಸುತ್ತದೆ. ಗಿಡದ್ದು ಮಿಥೈಲನ್ನು ಒಂದು ಸಹಾಯಕ ಅಣುವಿನಿಂದ ಪಡೆದು ಕೊಡುವ ಯಂತ್ರ. ಬ್ಯಾಕ್ಟೀರಿಯಾದ್ದು ಕಬ್ಬಿಣದ ಪರಮಾಣುವನ್ನು ಒಡಲಲ್ಲಿಟ್ಟುಕೊಂಡು, ಆಮ್ಲಜನಕ ಬಳಸಿ, ಮಿಥೈಲನ್ನು ಫಾರ್ಮಾಲ್ಡಿಹೈಡ್ ಆಗಿ ಹೊರದೂಡುವ ಯಂತ್ರ.

ಇವುಗಳ ರಚನೆಯನ್ನು ಕೊರಿಯಾ ಮತ್ತು ಅಮೆರಿಕದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಎ ಮತ್ತು ಬಿ ಅಕ್ಕತಂಗಿಯರಂತಿದ್ದರೂ, ಕುಳಿಯೊಳಗೆ ಅಣು ಕೂರುವ ದಿಕ್ಕು ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ, ಅದು ತಿರುಗುಮುರುಗು. ಕಬ್ಬಿಣದ ಎದುರಿಗೆ ಎ ಕಿಣ್ವದಲ್ಲಿ 1ನೇ ಸ್ಥಾನ ಬರುತ್ತದೆ, ಬಿ ಕಿಣ್ವದಲ್ಲಿ 3ನೇ ಸ್ಥಾನ. ಯಾವ ಮಿಥೈಲ್ ಹೋಗಬೇಕು ಎಂಬುದು ಇಷ್ಟರಿಂದಲೇ ತೀರ್ಮಾನವಾಗುತ್ತದೆ. ಅದಲ್ಲದೆ ಮೂರು ಎ, ಮೂರು ಬಿ ಕೂಡಿ ಒಂದೇ ಗುಂಪಾಗಿ ನಿಲ್ಲುತ್ತವೆ. ಒಂದರ ಕೆಲಸ ಮುಗಿದ ಅಣು ಮುಂದಿನದಕ್ಕೆ ಸಿಗಲು ದೂರ ಅಲೆಯಬೇಕಿಲ್ಲ.

ಕಾಯಿಕೊರಕದ ಒಗಟು ಒಡೆದದ್ದು 2015ರಲ್ಲಿ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಹಾವಿಯೆರ್ ಸೆಹಾ-ನವಾರೊ ಮತ್ತು ಸಂಗಡಿಗರು ದುಂಬಿಯ ಕರುಳನ್ನು ಪರೀಕ್ಷಿಸಿದರು. ಕೆಫೀನ್ ತಿಂದ ದುಂಬಿಯ ಹಿಕ್ಕೆಯಲ್ಲಿ ಕೆಫೀನ್ ಸಿಗಲಿಲ್ಲ. ಆ್ಯಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಂದ ಮೇಲೆ ಹಿಕ್ಕೆಯಲ್ಲಿ ಅದು ಹಾಗೆಯೇ ಹೊರಬಂತು. ಸ್ಯೂಡೊಮೋನಾಸ್ ಫುಲ್ವಾ ಎಂಬ ಬ್ಯಾಕ್ಟೀರಿಯಾವನ್ನು ಮತ್ತೆ ಕರುಳಿಗೆ ಸೇರಿಸಿದಾಗ ಕೆಫೀನ್ ಮತ್ತೆ ಒಡೆಯತೊಡಗಿತು. ಅಲ್ಲಿ ಚುರುಕಾಗಿದ್ದದ್ದು ಅದೇ ಎನ್‌ಡಿಎಂ–ಎ ಬಗೆಯ ಜೀನು! ವಿಷ ಜೀರ್ಣಿಸುವ ವಿದ್ಯೆ ದುಂಬಿಯ ಸ್ವಂತದ್ದಲ್ಲ. ಅದರ ಹೊಟ್ಟೆಯಲ್ಲಿ ಬಿಡಾರ ಹೂಡಿದ ಬ್ಯಾಕ್ಟೀರಿಯಾಗಳದ್ದು.

ಕಿಣ್ವಗಳ ಆಕಾರವನ್ನು ಅರಿಯುವ ಈ ಹಾದಿಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಜಗತ್ತಿನ ಯಾವುದೇ ಪ್ರಯೋಗಾಲಯ ಪ್ರೋಟೀನಿನ ರಚನೆ ಬಿಡಿಸಿದರೂ ಅದು ಸರಿಯಿದೆಯೇ ಎಂದು ನೋಡುವುದು ರಾಮಚಂದ್ರನ್ ನಕ್ಷೆಯ ಮೇಲೆ. ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ 1963ರಲ್ಲಿ ಪ್ರಕಟಿಸಿದ ನಕ್ಷೆ ಇದು. ಪ್ರೋಟೀನಿನ ಎಳೆ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂಬುದನ್ನು ಅದು ತೋರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಕಲಿತಿದ್ದ ರಾಮಚಂದ್ರನ್ ಮುಂದೆ ಅಲ್ಲಿಯೇ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು.

ಅವರ ಕಾಲದಲ್ಲಿ ಒಂದು ಪ್ರೋಟೀನಿನ ರಚನೆಗೆ ವರ್ಷಗಟ್ಟಲೆ ದುಡಿಯಬೇಕಿತ್ತು. ಈಗ ಅಮೈನೊ ಆಮ್ಲಗಳ ಸಾಲನ್ನಷ್ಟೇ ನೋಡಿ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಬಂದಿದೆ. 2022ರ ಹೊತ್ತಿಗೆ ಅದರ ಭಂಡಾರದಲ್ಲಿ 20 ಕೋಟಿಗೂ ಹೆಚ್ಚು ರಚನೆಗಳಿದ್ದವು. ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್, ಹೊಸ ಪ್ರೋಟೀನುಗಳನ್ನೇ ವಿನ್ಯಾಸ ಮಾಡಿದ ಡೇವಿಡ್ ಬೇಕರ್ 2024ರ ರಸಾಯನ ವಿಜ್ಞಾನದ ನೊಬೆಲ್ ಹಂಚಿಕೊಂಡರು. ಆಲ್ಫಾಫೋಲ್ಡ್ ಸಣ್ಣ ಪ್ರಯೋಗಾಲಯಗಳಿಗೆ ಬಾಗಿಲು ತೆರೆದಿರುವ ಸಾಧನೆ. ಕೊಡಗಿನ ತೋಟದ ದುಂಬಿಯ ಕರುಳಿನಿಂದ ತೆಗೆದ ಬ್ಯಾಕ್ಟೀರಿಯಾದ ಜೀನನ್ನು ಓದಿ, ಅದರ ಕಿಣ್ವದ ಅಂದಾಜು ಆಕಾರವನ್ನು ಕಾಲೇಜಿನ ಕಂಪ್ಯೂಟರಿನಲ್ಲೇ ನೋಡಬಹುದು. ಆದರೆ ಗಿಡದ ಕಿಣ್ವದಲ್ಲಿ ಕಂಡಂತೆ 266ನೇ ಸ್ಥಾನದ ಒಂದು ಅಮೈನೊ ಆಮ್ಲ ಬದಲಾದರೆ ಕೆಲಸವೇ ಬೇರೆಯಾದೀತು ಎನ್ನುವಾಗ, ಆಕಾರದ ಊಹೆಯ ಬೆನ್ನಿಗೆ ಕೊಳವೆಯಲ್ಲಿ ಕಿಣ್ವವನ್ನು ಓಡಿಸಿ ನೋಡುವ ಪ್ರಯೋಗ ಇದ್ದೇ ಇರಬೇಕು. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಉಪಕೇಂದ್ರವಿದೆ, ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ, ಬೆಂಗಳೂರಿನಲ್ಲಿ ರಚನೆ ಬಿಡಿಸುವವರಿದ್ದಾರೆ. ಈ ಮೂರೂ ಒಂದೇ ದುಂಬಿಯ ಹಿಂದೆ ಬೀಳುವುದು ಕೈಗೆಟುಕದ ಮಾತೇನಲ್ಲ.

ಹಾಗೆ ಬಿದ್ದವರ ಮುಂದೆ ಬರುವ ತೊಡಕು ಕೂಡ ಈಗಲೇ ಕಾಣುತ್ತದೆ. ಕರುಳಿನ ಬ್ಯಾಕ್ಟೀರಿಯಾದ ಎನ್‌ಡಿಎಂ–ಎ ಕುಳಿಯನ್ನು ಮುಚ್ಚುವ ಒಂದು ಅಣುವನ್ನು ರೂಪಿಸಿದರೆ ಕಾಯಿಕೊರಕ ತಾನು ತಿಂದ ಕೆಫೀನಿಗೇ ಸಿಕ್ಕಿಬೀಳಬಹುದು. ಆದರೆ ಅದೇ ಬಗೆಯ ಕಿಣ್ವ ತೋಟದ ಮಣ್ಣಿನಲ್ಲೂ ದುಡಿಯುತ್ತಿದೆ, ಉದುರಿದ ಹಣ್ಣು, ಸಿಪ್ಪೆಗಳ ಕೆಫೀನನ್ನು ಒಡೆದು ನೆಲವನ್ನು ಹಗುರ ಮಾಡುತ್ತಿದೆ. ಗಿಡಕ್ಕೆ ಸಿಂಪಡಿಸಿದ್ದು ಮಳೆಯೊಂದಿಗೆ ಮಣ್ಣಿಗೂ ಇಳಿಯುತ್ತದೆ. ಕರುಳಿನ ಕಿಣ್ವದ ಕುಳಿಗೂ ಮಣ್ಣಿನ ಕಿಣ್ವದ ಕುಳಿಗೂ ಎಲ್ಲಾದರೂ ಒಂದೆರಡು ಅಮೈನೊ ಆಮ್ಲಗಳ ವ್ಯತ್ಯಾಸ ಇದೆಯೇ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.