ಹಸಿದವರು ಕಾದ ಬೀಜ

ಬರಗಾಲದಲ್ಲಿಯೂ ಬಿತ್ತನೆಯ ಕಾಳಿಗೆ ಕೈಹಾಕದಿರುವುದು ರೈತನ ವ್ರತ. ವಿಜ್ಞಾನಿಗಳು ಅದನ್ನು ಪಾಲಿಸಿದ ಬಗೆ ಇನ್ನೂ ಕಠಿನವಾದುದು.

1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರವನ್ನು ಮುತ್ತಿತು. ಆ ಚಳಿಗಾಲದಲ್ಲಿ ಬಹುಮಂದಿಯ ಪಾಲಿಗೆ ದಿನಕ್ಕೆ ದೊರೆತುದು 125 ಗ್ರಾಂ ರೊಟ್ಟಿ, ಅದೂ ಕಲಬೆರಕೆಯದು! ಅಲ್ಲಿಯ ಸಸ್ಯಸಂಶೋಧನಾಲಯದಲ್ಲಾದರೋ, ನಿಕೊಲಾಯ್ ವವಿಲೋವ್ ಅವರೂ ಅವರ ಸಂಗಡಿಗರೂ ದೇಶದೇಶಗಳಿಂದ ತಂದು ಕೂಡಿಸಿದ ಗೋಧಿ, ಬತ್ತ, ದ್ವಿದಳಧಾನ್ಯಗಳ ಬೀಜಗಳು ರಾಶಿರಾಶಿಯಾಗಿದ್ದವು. ಅಳಿದರೆ ಮತ್ತೆ ದೊರೆಯದ ತಳಿಗಳು ಅವು. ಕಾವಲಿದ್ದವರು ಅವನ್ನು ತಿನ್ನಲೊಲ್ಲದೆ ಹೋದರು. ಬತ್ತದ ತಜ್ಞ ದ್ಮಿತ್ರಿ ಇವಾನೊವ್ ಸಾವಿರಾರು ಪೊಟ್ಟಣ ಬತ್ತವನ್ನು ಉಳಿಸಿ, ಹಸಿವಿನಿಂದಲೇ ಪ್ರಾಣಬಿಟ್ಟರು.

ಆ ಭಂಡಾರವನ್ನು ಕಟ್ಟಿದ ವವಿಲೋವರೆಲ್ಲಿ? ಸ್ಟಾಲಿನ್ನನ ಆಳ್ವಿಕೆ ಅವರನ್ನು 1940ರಲ್ಲಿಯೇ ಬಂಧಿಸಿತ್ತು. ಲೋಕದ ಹಸಿವನ್ನು ನೀಗಲು ಹೊರಟಿದ್ದ ಆ ಮಹನೀಯರು 1943ರ ಜನವರಿಯಲ್ಲಿ, ಸರಾತೋವಿನ ಸೆರೆಮನೆಯಲ್ಲಿ, ಅನ್ನವಿಲ್ಲದೆ ಸೊರಗಿ ತೀರಿಕೊಂಡರು.