ಕೆಂಗಲ್ ಹನುಮಂತಯ್ಯ ಯಾವ ಊರಿನವರು ಗೊತ್ತಾ?

ರಾಮನಗರ ಅಂದ ತಕ್ಷಣ ‘ಶೋಲೆ’ ಸಿನಿಮಾದ ಬೆಟ್ಟ ತೋರಿಸ್ತಾರೆ. ಗಬ್ಬರ್ ಸಿಂಗ್ ಸ್ವಲ್ಪ ಕಾಯಲಿ.

ಇದೇ ಸೀಮೆಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದವರು ಹನುಮಂತಯ್ಯ. ರಾಮನಗರ–ಚನ್ನಪಟ್ಟಣ ನಡುವೆ ಬಸ್ಸು ನಿಲ್ಲುತ್ತಲ್ಲ, ಕೆಂಗಲ್ ಆಂಜನೇಯನ ಗುಡಿ? ಹೆಸರಿಗೆ ಅಂಟಿಕೊಂಡ ‘ಕೆಂಗಲ್’ ಅಲ್ಲಿನದೇ.

1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ವಿಧಾನಸೌಧಕ್ಕೆ ನೆಹರು ಹಿಂದಿನ ವರ್ಷವೇ ಅಡಿಗಲ್ಲು ಹಾಕಿದ್ದರು. ಆದರೆ ಕಟ್ಟಡದ ಆಗಿನ ನಕ್ಷೆ ಹನುಮಂತಯ್ಯನವರಿಗೆ ಹಿಡಿಸಲಿಲ್ಲ. ಗೋಪುರ, ಕಂಬ, ಕೆತ್ತನೆ ಎಲ್ಲ ಸೇರಿಸಿ ಕಟ್ಟಡದ ರೂಪವನ್ನೇ ಬದಲಿಸಿದರು. ಜೈಲಿನ ಕೈದಿಗಳೂ ಅಲ್ಲಿ ದುಡಿದರು. ಖರ್ಚು ಜಾಸ್ತಿಯಾಯ್ತು ಅಂತ ಗಲಾಟೆಯಾಯ್ತು, ವಿಚಾರಣೆಯೂ ನಡೀತು.

ನನಗೆ ಕಟ್ಟಡಕ್ಕಿಂತ ದೊಡ್ಡದು ಅನ್ನಿಸೋದು ಇನ್ನೊಂದು. ಹಳೇ ಮೈಸೂರಿನ ಎಷ್ಟೋ ನಾಯಕರಿಗೆ ಕನ್ನಡ ನಾಡಿನ ಏಕೀಕರಣ ಬೇಡವಾಗಿತ್ತು. ಹನುಮಂತಯ್ಯ ತಮ್ಮವರನ್ನೇ ಎದುರು ಹಾಕಿಕೊಂಡು ಅದರ ಪರ ನಿಂತರು. 1956ರ ಆಗಸ್ಟ್‌ನಲ್ಲಿ ಕುರ್ಚಿ ಹೋಯ್ತು. ನವೆಂಬರ್ 1ಕ್ಕೆ ರಾಜ್ಯ ಒಂದಾದಾಗ ಮುಖ್ಯಮಂತ್ರಿ ನಿಜಲಿಂಗಪ್ಪ! ಆಮೇಲೆ ಹನುಮಂತಯ್ಯ ದಿಲ್ಲಿಗೆ ಹೋಗಿ ರೈಲ್ವೆ ಮಂತ್ರಿಯೂ ಆದರು.

ಇದೇ ಸೀಮೆಯಲ್ಲಿ ಮಾಗಡಿ ಕಡೆ ತಿರುಗಿದರೆ ವೀರಾಪುರ. ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ 1907ರಲ್ಲಿ ಹುಟ್ಟಿದ ಊರು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟು 111 ವರ್ಷ ಬಾಳಿದರು.

ಇನ್ನು ರಾಮನಗರದ ಹೆದ್ದಾರಿ ಪಕ್ಕದ ಜಾನಪದ ಲೋಕ ಮ್ಯೂಸಿಯಂ. ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ಸೀಮೆಯವರು, ಐಎಎಸ್ ಅಧಿಕಾರಿಯಾಗಿದ್ದವರು. ಊರೂರಿನ ಹಾಡುಗಾರರನ್ನು ಕೂರಿಸಿ ಹಾಡು, ಕಥೆ ದಾಖಲಿಸಿದರು. ತೊಗಲುಗೊಂಬೆ, ರಾಗಿ ಕಲ್ಲು, ನೇಗಿಲು, ವಾದ್ಯ ಎಲ್ಲ 15 ಎಕರೆಯೊಳಗೆ. ಮುಂದಿನ ಸಲ ಮೈಸೂರಿಗೆ ಹೋಗುವಾಗ ಒಂದೆರಡು ಗಂಟೆ ಇಳಿದು ನೋಡಿ, ತಟ್ಟೆ ಇಡ್ಲಿ ಆಮೇಲೆ ತಿನ್ನಬಹುದು.